ಬಾಗಿಲಿಗೆ ಬಾಗಿಲು

ಶಹಾಬಾದಿನ ಕಲ್ಲಿನ ಗಣಿಯಲ್ಲಿದ್ದ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಮೋಟಾರನ್ನು ಮಾರಿದ. ಅದರ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದ ಗಾಲಿಮನೆಯನ್ನು ಮಾತ್ರ ಮಶಾಕ ಮಿಸ್ತ್ರಿಗೆ ಬಿಟ್ಟುಹೋದ. ತಗಡಿನ ಮಾಡು, ಮಲಗಲು ಎರಡು ಹಲಗೆ, ಒಂದು ಕಿಟಕಿ, ಹಿಂದೆ ಒಂದು ಬಾಗಿಲು. ವರ್ಷಗಟ್ಟಲೆ ಅದು ಬೇವಿನ ಮರದ ಕೆಳಗೆ ನಿಂತಿತ್ತು. ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು.

ಮಶಾಕನ ಹೆಂಡತಿ ಮೆಹತಾಬ್ ಎರಡು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಹೈದರಾಬಾದ್ ರಾಜ್ಯಕ್ಕೆ ದಂಡು ನುಗ್ಗಿ ಪೊಲೀಸ್ ಆಕ್ಷನ್ ಆದ ದಿನಗಳಲ್ಲಿ ಅವಳ ತಂದೆ ಅಮೀರ್ ಅಲಿಯನ್ನು ದಂಡೋತಿಯ ಹೊಳೆದಂಡೆಯಲ್ಲಿ ಯಾರೋ ಕೊಂದಿದ್ದರು. ಹೆಣ ಕಂಡು ಮಣ್ಣು ಮಾಡಿದವನು ಬಂಡಿ ಹೊಡೆಯುವ ಸೂಗಪ್ಪ. ಅವನು ಬಂದು ಮಶಾಕನಿಗೆ ಹೇಳಿದ. ಮಶಾಕ ಹೆಂಡತಿಗೆ ಹೇಳಿದ. ದಂಡೋತಿಯಲ್ಲಿದ್ದ ಅವಳ ತಾಯಿ ಜೈತುನ್ಬೀಗೆ ಹೇಳಲು ಮಾತ್ರ ಯಾರಿಗೂ ನಾಲಿಗೆ ಏಳಲಿಲ್ಲ. 'ಹೈದರಾಬಾದಿಗೆ ಹೋಗ್ಯಾರ, ಬರ್ತಾರ' ಎಂದುಬಿಟ್ಟರು. ಹೊರಗೆ ಕಾಲಿಟ್ಟರೆ ತವರಿಗೆ ಹೋಗಬೇಕು, ತವರಿಗೆ ಹೋದರೆ ತಾಯಿಯ ಮುಖ ನೋಡಬೇಕು. ಮೆಹತಾಬ್ ಅಳಲಿಲ್ಲ. ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಒಳಗೇ ಉಳಿದಳು.

"ತಂಗಿ ಮನಿ ಬಿಟ್ಟು ಬರಲ್ಲ ಅಂದ್ರ ಮನೀನ ಒಯ್ಯೋಣಲ್ಲೋ," ಎಂದ ಸೂಗಪ್ಪ ಒಂದು ದಿನ. "ಮೂರು ದಿವಸ ಹೊಳಿ ದಂಡಿಗಿ ಇದ್ದು ಬರೋಣ. ನನ್ನ ಎತ್ತು ಹೂಡ್ತೀನಿ."

"ಸಾಹೇಬ ಪೆಟ್ರೋಲ್ ಹಾಕಿ ಎಳದಿದ್ದು."

"ನನ್ನ ಎತ್ತಿಗಿ ಕಣಕಿ ಹಾಕಿದ್ರ ಸಾಕು."

ಮಶಾಕ ಗಾಲಿಗೆ ಎಣ್ಣೆ ಬಿಟ್ಟ, ಮುಂದಿನ ಕೊಂಡಿಗೆ ಮರ ಬಿಗಿದು ನೊಗ ಕಟ್ಟಿದ. ಮನೆಯ ಹೊಸ್ತಿಲಿಗೆ ಗಾಲಿಮನೆಯ ಬಾಗಿಲು ಹಚ್ಚಿ ನಿಲ್ಲಿಸಿದ. ಮೆಹತಾಬ್ ಒಂದು ಗಳಿಗೆ ನೋಡಿದಳು. ಆಮೇಲೆ ನೆಲ ಮುಟ್ಟದೆ ಅದರೊಳಗೆ ಹೋಗಿ ಕುಳಿತಳು.

ದಾರಿಯಲ್ಲಿ ಜನ ಸುಮ್ಮನಿರಲಿಲ್ಲ.

"ಏನ್ ಸೂಗಪ್ಪಾ, ಮನಿ ಎಳ್ಕೊಂಡು ಎಲ್ಲಿಗಿ ಹೊಂಟಿ? ಹೆಂಡ್ತಿ ಹೊರಗ ಹಾಕ್ಯಾಳೇನು?"

"ಹೂಂನೋ. ಮನಿ ಸಹಿತ ಹಾಕ್ಯಾಳ. ಭಾಳ ದೊಡ್ಡ ಮನಸು ಆಕಿಂದು."

ಒಳಗಿನವಳಿಗೆ ಅದು ಕೇಳಿತು. ನಗು ಬರಬೇಕಾದ ಮಾತೆಂದು ಗೊತ್ತಾಯಿತು, ಬರಲಿಲ್ಲ. ಕಿಟಕಿಯಲ್ಲಿ ಜೋಳದ ಹೊಲ, ತೊಗರಿ ಹೊಲ, ಮತ್ತೆ ಜೋಳದ ಹೊಲ ಹಿಂದೆ ಸರಿದವು.

ಎರಡನೆಯ ಬೆಳಗು ಕಾಗಿಣಾ ಹೊಳೆಯ ದಂಡೆಯಲ್ಲಿ ಆಯಿತು. ಸೂಗಪ್ಪ ಮಿಂದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದ. ಅತ್ತ ಮಶಾಕ ನಮಾಜು ಮುಗಿಸಿ ಚಾದರ ಮಡಚುತ್ತಿದ್ದ. ನೀರು ಇಬ್ಬರ ಮುಂದೆಯೂ ಒಂದೇ ಸಮನೆ ಹರಿಯುತ್ತಿತ್ತು. ಪೂಜೆ ಮುಗಿಸಿದ ಸೂಗಪ್ಪ ಕಿಟಕಿಯ ಹತ್ತಿರ ಬಂದು ನಿಂತ.

"ತಂಗಿ, ಒಂದು ಮಾತು ಹೊಟ್ಯಾಗ ಇಟ್ಕೊಂಡೀನಿ. ಹೋದ ತಿಂಗಳ ದಂಡೋತ್ಯಾಗ ನಿಮ್ಮಮ್ಮ ಬಾಗಿಲ ಸಂದ್ಯಾಗಿಂದ ನನ್ನ ಕರದ್ಲು. ಆಕಿನೂ ಹೊರಗ ಬರಲ್ಲ."

"ಯಾಕ?"

"ಇದ್ದತ್ ಅಂತೀರಲ್ಲ ನೀವು, ಗಂಡ ಸತ್ತಾಕಿ ನಾಕು ತಿಂಗಳ ಹತ್ತು ದಿವಸ ಒಳಗ ಕುಂದ್ರೋದು. ಅದನ್ನ ಸತ್ತ ದಿನದಿಂದ ಎಣಿಸ್ಬೇಕಂತ. 'ಸೂಗಪ್ಪಾ, ನನಗ ದಿನ ಯಾರೂ ಹೇಳವಲ್ರು, ಯಾವ ದಿನದಿಂದ ಎಣಿಸ್ಲಿ' ಅಂದ್ಲು. ನಾ ಏನೂ ಹೇಳ್ದ ಎತ್ತು ಹೊಡಕೊಂಡು ಬಂದುಬಿಟ್ಟೆ."

ಮೆಹತಾಬಳ ಕೈಯಲ್ಲಿದ್ದ ಚಹಾ ಆರಿತು. ಲೋಟ ಕೆಳಗಿಟ್ಟು ಗಂಡನಿಗೆ, "ಎತ್ತು ಹೂಡ್ರಿ," ಎಂದಳು. "ಅಮ್ಮಿ ಮನಿಗಿ."

"ಇಳಿತಿಯೇನು ಅಲ್ಲಿ?"

"ಗೊತ್ತಿಲ್ರಿ. ಬಾಗಿಲಿಗಿ ಬಾಗಿಲು ಹಚ್ಚಿ ನಿಲ್ಲಿಸ್ರಿ."

ದಂಡೋತಿಯ ಓಣಿ ಕಿರಿದು. ಎತ್ತುಗಳಿಗೆ ಹಿಂದಕ್ಕೆ ನಡೆಯುವುದು ಬಾರದು. ನೊಗ ಬಿಚ್ಚಿ ಇಬ್ಬರೂ ಗಾಲಿಮನೆಯನ್ನು ಭುಜ ಕೊಟ್ಟು ನೂಕಿದರು. ಗಾಲಿ ಕಲ್ಲಿಗೆ ಸಿಕ್ಕಿತು, ಬಿಟ್ಟಿತು, ಮತ್ತೆ ಸಿಕ್ಕಿತು. ಕೊನೆಗೆ ಎರಡು ಬಾಗಿಲುಗಳ ನಡುವೆ ಒಂದು ಮೊಳ ನೆಲ ಉಳಿಯಿತು. ಅದಕ್ಕಿಂತ ಹತ್ತಿರ ಹೋಗಲಿಲ್ಲ.

ಜೈತುನ್ಬೀ ಬಾಗಿಲು ತೆರೆದಳು. ಮಗಳು ಅತ್ತ, ತಾಯಿ ಇತ್ತ. ತಾಯಿಯ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು.

"ಊಟ ಆಗ್ಯಾದೇನು ಬೇಟಿ?"

"ಆಗ್ಯಾದ, ಅಮ್ಮಿ."

"ಸೊರಗೀದಿ."

ಮೆಹತಾಬ್ ತಾಯಿಯ ಬಳೆ ನೋಡುತ್ತಲೇ ಹೇಳಿದಳು. "ಅಬ್ಬಾ ಹೈದರಾಬಾದಿಗಿ ಹೋಗಿಲ್ಲ. ಮಂಗಳವಾರ ಇತ್ತು. ಬಕ್ರೀದಕ್ಕ ಇನ್ನ ಹದಿನೈದು ದಿವಸ ಇತ್ತು. ಹೊಳಿ ದಂಡಿಗಿ."

ಜೈತುನ್ಬೀ ತಲೆ ಎತ್ತಲಿಲ್ಲ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ತುಟಿ ಮಾತ್ರ ಅಲುಗಿದವು. ಕೆಲವರಿಗೆ ದೇವರು ಕಣ್ಣೀರು ಕೊಡುತ್ತಾನೆ. ಅವಳಿಗೆ ಆ ಹೊತ್ತಿಗೆ ಎಣಿಕೆ ಕೊಟ್ಟಿದ್ದ.

"ಹಂಗಾದ್ರ ಇದ್ದತ್ ಗ್ಯಾರವಿ ಹಬ್ಬದ ಮುಂದ ಮುಗದದ," ಎಂದಳು. "ಆ ವರ್ಷದ ಗ್ಯಾರವಿ. ಅಷ್ಟು ಹಿಂದ."

"ಹೂಂ, ಅಮ್ಮಿ."

"ಮಣ್ಣು ಯಾರು ಕೊಟ್ರು?"

ಗಾಲಿಯ ಪಕ್ಕದಿಂದ ಸೂಗಪ್ಪ ಹೇಳಿದ. "ನಾನ ರೀ, ಅಮ್ಮಾ."

"ನಿಮ್ಮಲ್ಲಿ ಕೂಡಿಸಿ ಮಣ್ಣಾಗ ಇಡ್ತಾರ."

"ಇಲ್ರಿ, ಕೂಡಿಸಲಿಲ್ಲ. ಮಲಗಿಸೀನಿ. ಮಶಾಕ ನಮಾಜಿಗಿ ಯಾ ಕಡಿ ನಿಂದರ್ತಾನೋ ಆ ಕಡಿ ಮಾರಿ ಮಾಡೀನಿ. ಮಂತ್ರ ನನಗ ಬರಲ್ರಿ. ಸುಮ್ನ ಕುಂತು ಬಂದೆ."

"ಚಲೋ ಮಾಡೀದಿ ಬೇಟಾ."

ಆಮೇಲೆ ಜೈತುನ್ಬೀ ಬಳೆಗಳನ್ನು ಒಂದೊಂದಾಗಿ ಕೈಯಿಂದ ಜಾರಿಸಿ ಗೋಡೆಯ ಗೂಡಿನಲ್ಲಿಟ್ಟಳು. ಒಂದನ್ನೂ ಒಡೆಯಲಿಲ್ಲ. ಸೆರಗು ತಲೆಗೆಳೆದು ಹೊಸ್ತಿಲಾಚೆಯ ಆ ಒಂದು ಮೊಳ ನೆಲದ ಮೇಲೆ ಇಳಿದು ನಿಂತಳು. ಬಿಸಿಲಿಗೆ ಕಣ್ಣು ಕಿರಿದಾದವು.

"ಹೊಳಿ ಯಾ ಕಡಿ ಅದ?" ಎಂದು ಕೇಳಿದಳು.

ನಲವತ್ತು ವರ್ಷ ಅದೇ ಹೊಳೆಯ ನೀರು ಹೊತ್ತವಳು. ಸೂಗಪ್ಪ ಕೈ ಮಾಡಿ ತೋರಿಸಿದ. ಅವಳು ಅತ್ತ ತಿರುಗಿದಳು. ಹೆಜ್ಜೆ ಮಾತ್ರ ಮುಂದಿಡಲಿಲ್ಲ. ಮೆಹತಾಬ್ ಗಾಲಿಮನೆಯ ಅಂಚಿಗೆ ಬಂದು ಕುಳಿತು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ನೆಲಕ್ಕೆ ಊರಿದಳು. ನೆಲ ಬಿಸಿ ಇತ್ತೋ ತಣ್ಣಗಿತ್ತೋ ಅವಳಿಗೆ ತಿಳಿಯಲಿಲ್ಲ.

"ನಡಿ ಅಮ್ಮಿ," ಎಂದಳು.