ಹಸಿರಿನಲ್ಲಿ ಎಷ್ಟು ಬಣ್ಣ

ಸ್ಲಿವೆನ್ ಊರಿನ ಶಾಲೆಯೊಂದರಲ್ಲಿ ಜಿಲ್ಲಾ ರಸಾಯನಶಾಸ್ತ್ರ ಸ್ಪರ್ಧೆಯ ಉತ್ತರಪತ್ರಿಕೆ ತಿದ್ದುವ ಕೆಲಸ ಬೆಳಗಿನಿಂದ ನಡೆದಿತ್ತು. ಬರೆದವರ ಹೆಸರು ಕಾಣದಂತೆ ಮೇಲೆ ಕಾಗದ ಅಂಟಿಸಿದ್ದರು. ಆದರೂ ಆ ಒಂದು ಉತ್ತರ ಓದುತ್ತಿದ್ದಂತೆ, ಇದು ಯಾರ ಶಿಷ್ಯೆಯದ್ದೆಂದು ವೆಲಿಚ್ಕಾ ಟೀಚರಿಗೆ ತಿಳಿದುಹೋಯಿತು.

ಪ್ರಶ್ನೆ ಸರಳ. ಈಸ್ಟರ್ ಮೊಟ್ಟೆಗೆ ಹಚ್ಚುವ ಹಸಿರು ಬಣ್ಣವನ್ನು ಸೋಸುಕಾಗದಕ್ಕೆ ಬೊಟ್ಟಿಟ್ಟು, ಕಾಗದದ ತುದಿಯನ್ನು ನೀರಿಗೆ ತಾಗಿಸಿದ್ದಾರೆ. ನೀರು ಮೇಲೇರುತ್ತ ಹಸಿರನ್ನು ಹಳದಿ, ನೀಲಿ ಎಂದು ಬಿಡಿಸಿದೆ. ಹಾಗಾದರೆ ಹಸಿರಿನಲ್ಲಿ ಎಷ್ಟು ಬಣ್ಣ? ಮಾದರಿ ಉತ್ತರ: ಎರಡು.

ಈ ಹುಡುಗಿ ಬರೆದಿದ್ದಳು: "ಕನಿಷ್ಠ ಎರಡು. ಇಬ್ಬರು ಓಟಗಾರರು ಹೆಗಲಿಗೆ ಹೆಗಲು ತಾಗಿಸಿ ಓಡಿದರೆ ದೂರದಿಂದ ಒಬ್ಬರಂತೆಯೇ ಕಾಣುತ್ತಾರೆ. ನೀರಿನ ಬದಲು ಸ್ಪಿರಿಟ್‌ನಲ್ಲಿ ಓಡಿಸಿ ನೋಡಬೇಕು."

ಓಟಗಾರರು. ತನ್ನದೇ ಶಾಲೆಯ ಕಿರಿಯ ಟೀಚರ್ ಕಲಿನಾಳ ಮಾತು. ಪಕ್ಕದ ತರಗತಿಯಲ್ಲಿ ಅವಳು ಬಣ್ಣಗಳಿಗೆ ಓಟದ ಪಂದ್ಯ ಇಡುತ್ತಾಳೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮಾರ್ಚ್ ಮೊದಲ ದಿನ ಮಕ್ಕಳು ಮೆಚ್ಚಿನವರ ಕೈಗೆ ಕೆಂಪು ಬಿಳಿ ದಾರ ಕಟ್ಟುವಾಗ, ಈ ವರ್ಷ ಕಲಿನಾಳ ತೋಳು ಮೊಣಕೈವರೆಗೆ ತುಂಬಿತ್ತು. ಒಂದು ಕಾಲದಲ್ಲಿ ಹಾಗೆ ತುಂಬುತ್ತಿದ್ದುದು ವೆಲಿಚ್ಕಾಳ ತೋಳು. ಈ ಮಾರ್ಚಿನಿಂದ ಅವಳ ಹೊಟ್ಟೆಯಲ್ಲೊಂದು ಬೆಕ್ಕು ಮಲಗಿತ್ತು. ಈಗ ಮೈಮುರಿದು ಎದ್ದಿತು.

ಅವಳು ಸೊನ್ನೆ ಹಾಕಿದಳು.

ಎರಡನೆಯ ಬಾರಿ ತಿದ್ದುವ ಓಗ್ನ್ಯಾನ್ ಮೇಷ್ಟ್ರು ಪೂರ್ತಿ ಅಂಕ ಕೊಟ್ಟಿದ್ದರು. ಅಂಕ ಹೊಂದದಿದ್ದರೆ ಇಬ್ಬರೂ ಕೂತು ಒಪ್ಪಂದಕ್ಕೆ ಬರಬೇಕು.

"ಮಗು ಬರೆದದ್ದು ತಪ್ಪಾ, ವೆಲಿಚ್ಕಾ?" ಎಂದರು ಓಗ್ನ್ಯಾನ್.

"ತಪ್ಪೋ ಸರಿಯೋ, ಕೇಳಿದ್ದು ಸಂಖ್ಯೆ. ಇವಳು ಕಥೆ ಹೇಳ್ತಿದ್ದಾಳೆ. ಇವಳಿಗೆ ಕೊಟ್ರೆ ನಾಳೆ ಎಲ್ಲರೂ ಕಥೆ ಬರೀತಾರೆ."

"ಬರೀಲಿ ಬಿಡಮ್ಮ, ಓದೋ ನಮಗೂ ನಿದ್ದೆ ಬರಲ್ಲ."

"ತಮಾಷೆ ಬೇಡ ಮೇಷ್ಟ್ರೇ. ಮಾದರಿ ಉತ್ತರ ಬಿಟ್ಟು ನಡೆದ್ರೆ ಪಕ್ಷಪಾತಕ್ಕೆ ಬಾಗಿಲು ತೆಗೆದ ಹಾಗೆ."

ಮಾತು ನ್ಯಾಯವಾಗಿಯೇ ಕೇಳಿಸಿತು. ಓಗ್ನ್ಯಾನ್ ಗಡಿಯಾರ ನೋಡಿದರು. "ಊರಿನ ಬಸ್ಸು ತಪ್ಪಿದ್ರೆ ನನ್ನ ಹೆಂಡತಿ ನನಗೇ ಸೊನ್ನೆ ಹಾಕ್ತಾಳೆ. ನಿನ್ನಿಷ್ಟ, ನಾನೂ ಅಂಕ ಕಳೀತೀನಿ."

ಗೆದ್ದರೂ ಅವಳಿಗೆ ಹಾಯೆನಿಸಲಿಲ್ಲ. ಉಳಿದ ಉತ್ತರಗಳಲ್ಲಿ ಆ ಹುಡುಗಿಯದೇ ಮೇಲುಗೈ. ರಾಜಧಾನಿ ಸೋಫಿಯಾದಲ್ಲಿ ನಡೆಯುವ ರಾಷ್ಟ್ರಮಟ್ಟದ ಸ್ಪರ್ಧೆಗೆ ಜಿಲ್ಲೆಯಿಂದ ಹೋಗುವುದು ಒಬ್ಬರೇ. ಈ ಒಂದು ಸೊನ್ನೆ ಅವಳ ದಾರಿಗೆ ಅಡ್ಡ ಬಿದ್ದಿತ್ತು.

ಮುಂದಿನ ಪತ್ರಿಕೆ ತೆಗೆದಳು. ತಾನು ಬರೆಸಿದ ಟಿಪ್ಪಣಿ, ತಾನು ಉಸಿರೆಳೆಯುವ ಕಡೆಯಲ್ಲೇ ಅಲ್ಪವಿರಾಮ. ತನ್ನ ಶಿಷ್ಯೆ ಇವೆಲಿನಾಳದ್ದೇ. ಮೊದಲನೆಯವಳು ಸೋತರೆ ಗೆಲ್ಲುವವಳು ಇವಳೇ. ಬಣ್ಣದ ಪ್ರಶ್ನೆಗೆ "ಎರಡು" ಎಂದಿತ್ತು. ಅದಕ್ಕೂ ಮೊದಲು ಒಂದು ಪದ ಬರೆದು ಹೊಡೆದುಹಾಕಿದ ಗುರುತು. ವೆಲಿಚ್ಕಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕನಿಷ್ಠ."

ಈ ಮಗುವಿಗೂ ಹೊಳೆದಿತ್ತು. ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆದರೆ ಅಂಕ ಹೋಗುತ್ತದೆಂದು ಹೆದರಿಸಿದವಳು ತಾನೇ. ಹುಡುಗಿ ಒತ್ತಿ ಒತ್ತಿ ಹೊಡೆದ ಗೆರೆಗೆ ಕಾಗದ ಹರಿಯುವಂತಾಗಿತ್ತು.

ವೆಲಿಚ್ಕಾ ಎರಡೂ ಪತ್ರಿಕೆ ಹಿಡಿದು ಸಮಿತಿಯ ಅಧ್ಯಕ್ಷೆಯ ಮೇಜಿಗೆ ಹೋದಳು.

"ಮಾದರಿ ಉತ್ತರ ತಿದ್ದಬೇಕು. 'ಕನಿಷ್ಠ ಎರಡು' ಅಂದವರಿಗೂ ಪೂರ್ತಿ ಅಂಕ. ತಿದ್ದಿ ಮುಗಿಸಿದ ಪತ್ರಿಕೆಗಳನ್ನೂ ಮತ್ತೆ ತೆಗೀಬೇಕು."

"ಎಲ್ಲವನ್ನೂ? ಈಗ ಯಾರು ಕೂರ್ತಾರೆ?"

"ನಾನು ಕೂರ್ತೀನಿ. ಸೊನ್ನೆ ಹಾಕಿದವಳೂ ನಾನೇ."

ಬಸ್ಸಿಗೆ ಹೊರಟಿದ್ದ ಓಗ್ನ್ಯಾನ್ ಗೊಣಗುತ್ತ ಕೋಟು ಬಿಚ್ಚಿ ಮತ್ತೆ ಕೂತರು.

ಫಲಿತಾಂಶ ಬಂದ ದಿನ ಕಲಿನಾ ಚಾಕೊಲೇಟ್ ಡಬ್ಬಿ ಹಿಡಿದು ಶಿಕ್ಷಕರ ಕೊಠಡಿಗೆ ಬಂದಳು. "ವೆಲಿಚ್ಕಾ ಅಕ್ಕ, ತಗೊಳ್ಳಿ. ನನ್ನ ರಾಲಿತ್ಸಾ ಸೋಫಿಯಾಕ್ಕೆ ಹೋಗ್ತಿದ್ದಾಳೆ."

ಬೆಕ್ಕು ಇನ್ನೂ ಹೊಟ್ಟೆಯಲ್ಲೇ ಇತ್ತು, ಪರಚಿತು ಕೂಡ. ವೆಲಿಚ್ಕಾ ಚಾಕೊಲೇಟ್ ಬಾಯಿಗಿಟ್ಟುಕೊಂಡು ನಿಧಾನವಾಗಿ ಚಪ್ಪರಿಸಿದಳು.

"ದ್ರಾವಣದ ಲೆಕ್ಕ ಬರುತ್ತಾ ಅವಳಿಗೆ?"

"ಅಷ್ಟಕ್ಕಷ್ಟೇ ಅಕ್ಕ."

"ಹೇಗೆ ಬಂದೀತು? ಕಲಿಸೋಳಿಗೇ ಅಷ್ಟಕ್ಕಷ್ಟೇ. ಗುರುವಾರ ಶಾಲೆ ಬಿಟ್ಟಮೇಲೆ ನನ್ನ ಹತ್ತಿರ ಕಳಿಸು, ನಾನು ಹೇಳಿಕೊಡ್ತೀನಿ. ನನ್ನ ಇವೆಲಿನಾನೂ ಇರ್ತಾಳೆ, ಜೊತೆಗೆ ಕೂತು ಜಗಳವಾಡಲಿ."