ಬೆರಿಲಳ ಹುಲ್ಲುದಿಬ್ಬ

ಗೋದಿ ಹೊಲದ ನಟ್ಟನಡುವೆ ಉದ್ದಕ್ಕೂ ಮಣ್ಣೇರಿಸಿ ಹುಲ್ಲು ಬಿತ್ತಿದವಳು ಬೆರಿಲ್. ಚಳಿಗಾಲದಲ್ಲಿ ಜೀರುಂಡೆಗಳು ಆ ಹುಲ್ಲಿನ ಬುಡದಲ್ಲಿ ಮಲಗಲಿ, ವಸಂತ ಬಂದಾಗ ಇಳಿದು ಪೈರಿನ ಹೇನು ತಿನ್ನಲಿ ಎಂಬುದು ಅವಳ ಲೆಕ್ಕ. ನಾರ್ಫೋಕಿನ ಆ ಹಳ್ಳಿಗೆ ಹಳ್ಳಿಯೇ ನಕ್ಕಿತ್ತು. ನಗಲಿ ಬಿಡಿ, ನಗುವವರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಆದರೆ ಜಮೀನಿನ ಅರ್ಧ ಪಾಲು ಅಣ್ಣ ಡೆಸ್ಮಂಡನದು. ಇವತ್ತು ಹುಲ್ಲಿನಲ್ಲಿ ಹುಳ ತೋರಿಸು, ಇಲ್ಲದಿದ್ದರೆ ದಿಬ್ಬ ಉತ್ತುಬಿಡುತ್ತೇನೆ ಎಂದು ಅವನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಟ್ರ್ಯಾಕ್ಟರನ್ನೂ ತಂದು ನಿಲ್ಲಿಸಿದ್ದ.

ಜನವರಿಯ ಹಿಮ ನೆಲಕ್ಕೆ ಅಂಟಿಕೊಂಡಿತ್ತು. ಬೆರಿಲ್ ಮಂಡಿಯೂರಿ, ಬ್ರೆಡ್ ಕೊಯ್ಯುವ ಚಾಕುವಿನಿಂದ ಹುಲ್ಲಿನ ಒಂದು ದಟ್ಟ ಬುಡವನ್ನು ಬೇರುಸಮೇತ ಕೊಯ್ದಳು. ಹಳೆಯ ಬಿಳಿ ದುಪ್ಪಟಿಯ ಮೇಲೆ ಅದನ್ನು ಕೊಡವಿದಳು. ಮಣ್ಣು ಉದುರಿತು, ಒಣಹುಲ್ಲು ಉದುರಿತು. ಒಂದು ಹುಳವೂ ಅಲುಗಲಿಲ್ಲ.

"ಎಲ್ಲೇ ನಿನ್ನ ಸೈನ್ಯ? ರಜಾ ಹಾಕಿದ್ಯಾ?" ಎಂದ ಡೆಸ್ಮಂಡ್.

ಪಕ್ಕದ ಹೊಲದ ಕ್ಲೈವ್ ಬೇಲಿ ಗೇಟಿಗೆ ಒರಗಿ ನಿಂತಿದ್ದ. ತಮಾಷೆ ಎಂದರೆ ಅವನಿಗೆ ಊಟ ಬೇಡ. "ದುಪ್ಪಟಿ ಹಾಸಿದ್ರೂ ನೆಂಟ್ರು ಬರ್ಲಿಲ್ವಲ್ಲೋ!"

"ಅಣ್ಣಾ, ಸ್ವಲ್ಪ ತಾಳು," ಎಂದು ಬೆರಿಲ್ ಬೇರುಗಳನ್ನು ಬೆರಳಿಂದ ಬಿಡಿಸಿದಳು. ಕರೀ ಕಾಳುಗಳಂಥವು ಉದುರಿ, ಬಿದ್ದಲ್ಲೇ ಬಿದ್ದುಕೊಂಡವು.

"ಮಣ್ಣು ಕಣೇ ಅದು, ಬರೀ ಮಣ್ಣು. ಏಳು ಸಾಕು." ಡೆಸ್ಮಂಡ್ ಟ್ರ್ಯಾಕ್ಟರಿನತ್ತ ಹೊರಟೇಬಿಟ್ಟ.

ಬೆರಿಲ್ ಏಳಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ದುಪ್ಪಟಿಗೆ ಮುಖ ಒಡ್ಡಿ, ಬಾಯಿ ಅಗಲಿಸಿ ಬಿಸಿಯುಸಿರು ಬಿಟ್ಟಳು. ಮತ್ತೆ ಬಿಟ್ಟಳು.

"ಒಲೆ ಊದ್ತಾವ್ಳೆ ನೋಡೋ," ಎಂದು ಕ್ಲೈವ್ ನಕ್ಕ.

ಒಂದು ಕಾಳು ಕಾಲು ಚಾಚಿತು. ಅದರ ಪಕ್ಕದ್ದು ಮೀಸೆ ಕುಣಿಸಿತು. ಇನ್ನೊಂದೆಡೆ ಗುಲಗಂಜಿ ಹುಳಗಳ ಒಂದು ಗುಂಪು ಮೆಲ್ಲನೆ ಸಡಿಲವಾಯಿತು. ನೋಡುನೋಡುತ್ತ ಕರಿಯವು, ತಾಮ್ರದ ಬಣ್ಣದವು, ಎಲ್ಲವೂ ಎದ್ದು ನಡೆಯತೊಡಗಿದವು.

"ಅಣ್ಣಾ, ಬಂದು ನೋಡು." ಬೆರಿಲ್ ದನಿ ಏರಿಸಲಿಲ್ಲ.

ಡೆಸ್ಮಂಡ್ ಬಂದು ಕೂತ. ಕನ್ನಡಕ ಒರೆಸಿಕೊಂಡ. ಅವನೂ ಎದುರುಬದಿಯಲ್ಲಿ ಬೋರಲು ಮಲಗಿ ಉಸಿರು ಬಿಡತೊಡಗಿದ. ಅವನ ಪಕ್ಕದ ಕಾಳುಗಳೂ ಎದ್ದವು.

ಕ್ಲೈವ್ ಗೇಟು ದಾಟಿ ಬಂದ. "ಎಷ್ಟವೆಯೋ?"

"ನಿನ್ನ ಬೂಟು ಆಚೆ ಇಡು," ಎಂದ ಡೆಸ್ಮಂಡ್ ತಲೆಯೆತ್ತದೆ. "ಅವು ನಮ್ಮನೇವು. ನಿನ್ನ ಗೋದಿಗೂ ಇಂಥ ದಿಬ್ಬ ಬೇಕಿದ್ರೆ ನನ್ನ ತಂಗೀನ ಕೇಳ್ಕೋ. ಮರ್ಯಾದೆಯಿಂದ ಕೇಳ್ಕೋ."

ಬೆರಿಲ್ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. ಕ್ಲೈವ್ ಟೋಪಿ ತೆಗೆಯುವವರೆಗೂ ಅವಳು ತುಟಿ ಬಿಚ್ಚಲಿಲ್ಲ.