ಕೆಲಸದವಳಿಗೆ ಮೈಕ್ ಬೇಡ

ಹತ್ತೊಂಬತ್ತು ವರ್ಷಗಳಲ್ಲಿ ಹದಿನೇಳು ನಾಟಕ. ಕೊರೋನಾದ ಎರಡು ವರ್ಷ ಬಿಟ್ಟರೆ, ಕುವೈತಿನ ನಮ್ಮ ಊರಿನವರ ಸಂಘದ ವಾರ್ಷಿಕೋತ್ಸವದಲ್ಲಿ ಕೆಲಸದವಳ ಪಾರ್ಟು ನನ್ನನ್ನು ಬಿಟ್ಟು ಬೇರೆ ಯಾರಿಗೂ ಹೋಗಿಲ್ಲ. ನಿಂಗಿ, ಕಮಲಿ, ಪುಟ್ಟಿ, ಬದಲಾದದ್ದು ಹೆಸರು ಮಾತ್ರ. ಸೀರೆ ಎತ್ತಿ ಸಿಕ್ಕಿಸಿ, ಊರಿನಿಂದ ಸೂಟ್‌ಕೇಸಿನಲ್ಲಿ ಸುತ್ತಿ ತಂದ ತೆಂಗಿನ ಕಡ್ಡಿಯ ಹಿಡಿಸೂಡಿ ಹಿಡಿದು ನಾನು ಒಳಗೆ ಬಂದರೆ ಸಾಕು, ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ. ಸುಳ್ಳು ಯಾಕೆ ಹೇಳಲಿ, ಮೊದಲ ಐದಾರು ವರ್ಷ ಆ ನಗುವಿಗಾಗಿಯೇ ವಾರ್ಷಿಕೋತ್ಸವದ ಶುಕ್ರವಾರಕ್ಕೆ ದಿನ ಎಣಿಸುತ್ತಿದ್ದೆ. ಆಮೇಲಾಮೇಲೆ ಅದನ್ನು ಕೇಳಿದರೆ ಸಿಟ್ಟು ಬರತೊಡಗಿತು.

ನನ್ನ ಹೆಸರು ಸುಗಂಧಿ. ಫಹಾಹೀಲಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಸಹಾಯಕಿ. ಡಾಕ್ಟರು ಕೈ ಚಾಚುವ ಮೊದಲೇ ಬೇಕಾದ ಸಾಮಾನು ಅವರ ಕೈಯಲ್ಲಿರಬೇಕು, ಅದು ನನ್ನ ಕೆಲಸ. ನಾಟಕದಲ್ಲೂ ನಾನು ಮಾಡಿದ್ದು ಇದನ್ನೇ, ನೋಡುವವರಿಗೆ ಗೊತ್ತಿರಲಿಲ್ಲ ಅಷ್ಟೆ.

ನಮ್ಮ ನಾಟಕಗಳ ನಾಯಕಿ ಯಾವಾಗಲೂ ನವ್ಯಶ್ರೀ. ಸಂಘಕ್ಕೆ ಪ್ರತಿವರ್ಷ ಪ್ರಾಯೋಜಕರನ್ನು ಹಿಡಿದು ತರುವ ಶೈಲೇಶರ ಹೆಂಡತಿ. ಸಾಲ್ಮಿಯಾದಲ್ಲಿ ಸಮುದ್ರ ಕಾಣುವ ಫ್ಲಾಟು. ಚಂದದ ಹೆಂಗಸು, ಸೀರೆ ಉಟ್ಟು ನಿಂತರೆ ದೃಷ್ಟಿ ತೆಗೆಯಬೇಕು. ಆದರೆ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ಹತ್ತು ಸಲ ಸರಿಯಾಗಿ ಹೇಳಿ ಹನ್ನೊಂದನೆಯ ಸಲ ನಾಲಿಗೆ ಕಚ್ಚಿಕೊಂಡು ನಗುತ್ತಾಳೆ. ಮೊದಲೆಲ್ಲ ಪರದೆಯ ಬದಿಯಲ್ಲಿ ಒಬ್ಬರು ನಿಂತು ಅವಳಿಗೆ ಮಾತು ಹೇಳಿಕೊಡುತ್ತಿದ್ದರು. ದೂರದಿಂದ ಹೇಳುವಾಗ ಸ್ವರ ಎತ್ತಬೇಕಲ್ಲ. ಒಂದು ವರ್ಷ ಅವಳಿಗಿಂತ ಮೊದಲು ಬದಿಯ ಗಂಡಸಿನ ಸ್ವರವೇ "ಸ್ವಾಮೀ, ನನ್ನನ್ನು ಬಿಟ್ಟು ಹೋಗಬೇಡಿ" ಎಂದು ಇಡೀ ಸಭಾಂಗಣಕ್ಕೆ ಕೇಳಿಸಿಬಿಟ್ಟಿತು.

ಅದರ ಮರುವರ್ಷ ನಿರ್ದೇಶಕ ಕೊನ್ರಾಡರು ಉಪಾಯ ಹುಡುಕಿದರು. ಕುವೈತ್ ಸಿಟಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವ ಅವರಿಗೆ ನಾಟಕದ ಹುಚ್ಚು. ನಾಯಕಿ ಇರುವ ಎಲ್ಲ ದೃಶ್ಯದಲ್ಲೂ ಕೆಲಸದವಳು ಇರಬೇಕು, ಗುಡಿಸುತ್ತಾ ಹತ್ತಿರ ಬರಬೇಕು, ಜನರಿಗೆ ಬೆನ್ನು ಹಾಕಿ ಮೊದಲ ಎರಡು ಶಬ್ದ ಪಿಸುಗುಟ್ಟಬೇಕು. ಎಲ್ಲರ ಎದೆಗೂ ಪುಟ್ಟ ಮೈಕ್ ಸಿಕ್ಕಿಸಿದರು, ನನ್ನನ್ನು ಬಿಟ್ಟು.

"ಕೆಲಸದವಳಿಗೆ ಮೈಕ್ ಬೇಡ," ಎಂದರು. "ಪಿಸಿಪಿಸಿ ಹೊರಗೆ ಕೇಳ್ಬಾರ್ದಲ್ಲಾ. ಜೋಕಿಗೆ ನಿಮ್ಮ ಗಂಟಲೇ ಸಾಕು, ಸುಗಂಧಿಯಕ್ಕಾ."

ಹಾಗೆ ನಾನು ಕೋರ್ಟಿನ ದೃಶ್ಯದಲ್ಲಿ ಗುಡಿಸಿದೆ, ಆಸ್ಪತ್ರೆಯ ದೃಶ್ಯದಲ್ಲಿ ಗುಡಿಸಿದೆ. ಒಂದು ವರ್ಷವಂತೂ ಮದುಮಕ್ಕಳ ಕೋಣೆಯಲ್ಲೂ ಮಂಚದ ಕೆಳಗೆ ಕಸ ಹುಡುಕುತ್ತಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಶ್ರೇಷ್ಠ ನಟಿ ಪ್ರಶಸ್ತಿ ನವ್ಯಶ್ರೀಗೆ ಎಂಟು ಸಲ ಬಂತು. ನನಗೆ ಎರಡು ಸಲ ಕ್ಯಾಸರೋಲ್ ಸೆಟ್ ಕೊಟ್ಟರು.

ಈ ವರ್ಷ ನನ್ನ ಕೊನೆಯ ನಾಟಕ. ಯಶೋಧರರಿಗೆ, ಅಂದರೆ ನನ್ನ ಯಜಮಾನರಿಗೆ, ರಿಫೈನರಿಯಿಂದ ನಿವೃತ್ತಿ. ವಾಸದ ಪರವಾನಗಿಯಾದ ಇಕಾಮಾ ರದ್ದು ಮಾಡಿಸಿ ಇಬ್ಬರೂ ಊರಿಗೆ. ಜೂನ್ ತಿಂಗಳಲ್ಲಿ ಕೊನ್ರಾಡರು ಮಂಗಫಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಬಂಗುಡೆ ಮೀನಿನ ಸಾರು ಸುರಿದುಕೊಳ್ಳುತ್ತಾ, "ಈ ಸರ್ತಿ ತಾಯಿ ಪಾರ್ಟು ನಿಮ್ಗೇ. ಪ್ರಾಮಿಸ್," ಎಂದರು.

ಕಡಲಿಗೆ ಹೋದ ಮಗ ತಿರುಗಿ ಬರದ ತಾಯಿಯ ಕಥೆ. ಕೊನೆಯಲ್ಲಿ ಅವನ ಅಂಗಿ ಹಿಡಿದುಕೊಂಡು ಆರು ನಿಮಿಷ ಮಾತಾಡುತ್ತಾಳೆ. "ಈ ಅಂಗಿಯನ್ನು ಯಾರೂ ಒಗೆಯಬೇಡಿ. ಕಾಲರಿನಲ್ಲಿ ಇನ್ನೂ ಅವನ ಬೆವರು ಉಂಟು. ಆ ದಿನ ಬೆಳಗ್ಗೆ ನಾನು ಅವನಿಗೆ ಬೈದಿದ್ದೆ." ಆ ಮೂರನೆಯ ಮಾತಿಗೆ ಬಂದಾಗಲೆಲ್ಲ ಒಮ್ಮೆ ಪುಸ್ತಕ ಮಡಚಿಟ್ಟು ಆಮೇಲೆ ಮುಂದೆ ಓದುತ್ತಿದ್ದೆ. ಬೇಸಿಗೆಯಿಡೀ ಅಡುಗೆಮನೆಯಲ್ಲಿ ನಿಂತು ಅದನ್ನೇ ಹೇಳಿದೆ. "ಅನ್ನ ಅಡಿ ಹಿಡೀತು ಮಾರಾಯ್ತಿ," ಎಂದು ಯಶೋಧರರು ಬಂದು ಗ್ಯಾಸ್ ಆರಿಸಿ ಹೋಗುತ್ತಿದ್ದರು. ನನಗೆ ಪ್ರಶಸ್ತಿ ಬೇಡವಾಗಿತ್ತು. ಊರಿಗೆ ಹೋಗುವ ಮೊದಲು ಒಮ್ಮೆ, ಒಂದೇ ಒಂದು ಸಲ, ನಾನು ಮಾತಾಡುವಾಗ ಆ ಸಭಾಂಗಣ ನಗದೆ ಕೇಳಬೇಕು. ಅಷ್ಟು ಆಸೆಪಟ್ಟದ್ದು ತಪ್ಪೇ?

ಸೆಪ್ಟೆಂಬರಿನಲ್ಲಿ ಫೋನ್ ಬಂತು.

"ಬೇಜಾರು ಮಾಡ್ಬೇಡಿ ಅಕ್ಕಾ," ಎಂದರು ಕೊನ್ರಾಡರು. "ತಾಯಿ ಪಾರ್ಟು ನವ್ಯಶ್ರೀ ಕೇಳಿದ್ರು. ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ."

"ಪ್ರಾಮಿಸ್ ಮಾಡಿದ್ದು ಯಾರಿಗೆ? ನಂಗಾ, ಬಂಗುಡೆಗಾ?"

"ನೋಡಿ, ಈಗ ನಾನೇ ನಗಾಡಿದೆ! ಅದೇ ಪ್ರಾಬ್ಲೆಮ್ಮು. ನಿಮ್ಮ ಮುಖ ಕಂಡ ಕೂಡ್ಲೆ ಜನ ನಗ್ತಾರೆ. ತಾಯಿ ಅಳುವಾಗ ಜನ ನಗಾಡಿದ್ರೆ ನಾಟಕ ಖಲಾಸ್. ನಿಮ್ಗೆ ಕೆಲಸದವಳು ಉಂಟಲ್ಲಾ. ಕಡೇ ಸೀನಲ್ಲೂ ಇಟ್ಟಿದ್ದೇನೆ."

ಇಟ್ಟಿದ್ದಾರಂತೆ! ಯಾಕೆ ಇಟ್ಟದ್ದೆಂದು ನನಗೆ ಗೊತ್ತಿಲ್ಲವೇ? ಆರು ನಿಮಿಷದ ಮಾತು ಆ ಹೆಂಗಸಿನ ತಲೆಯಲ್ಲಿ ಆರು ಸೆಕೆಂಡು ನಿಲ್ಲುವುದಿಲ್ಲ. ಫೋನ್ ಇಟ್ಟು ಹಿಡಿಸೂಡಿಯನ್ನು ಗೋಡೆಗೆ ಎಸೆದೆ. ಆಮೇಲೆ ಉದುರಿದ ಕಡ್ಡಿಗಳನ್ನು ಹೆಕ್ಕಿ ನಾನೇ ಕಟ್ಟಿದೆ. ಕೊನೆಯ ವರ್ಷ ಜಗಳ ಮಾಡಿಕೊಂಡು ಹೋದಳು ಎನ್ನಿಸಿಕೊಳ್ಳುವುದು ಬೇಡವೆಂದು ಪ್ರಾಕ್ಟೀಸಿಗೂ ಹೋದೆ. ಅವಳ ಫ್ಲಾಟಿನಲ್ಲಿ ಕುಳಿತು ಅವಳಿಗೆ ಆ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. "ಬೈದಿದ್ದೆ ಅಂತ ಹೇಳುವಾಗ ಸ್ವರ ಇಳಿಸು, ನವ್ಯಾ. ಕಿರುಚಬೇಡ," ಎಂದು ತಿದ್ದಿದೆ. ಅವಳು, "ಅಕ್ಕ, ಯು ಆರ್ ಸೋ ಸ್ವೀಟ್," ಎಂದು ನನ್ನ ಕೆನ್ನೆ ಹಿಂಡಿದಳು.

ವಾರ್ಷಿಕೋತ್ಸವದ ಶುಕ್ರವಾರ ಮಧ್ಯಾಹ್ನ ಶಾಲೆಯ ಸಭಾಂಗಣ ತುಂಬಿತ್ತು. ಮೊದಲ ಮೂರು ದೃಶ್ಯಗಳಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ನಗಿಸಬೇಕಾದಲ್ಲಿ ನಗಿಸಿದೆ, ಅವಳು ಮರೆತಲ್ಲೆಲ್ಲ ಹೇಳಿಕೊಟ್ಟೆ. ಕೊನೆಯ ದೃಶ್ಯ ಬಂತು. ನವ್ಯಶ್ರೀ ಅಂಗಿ ಎತ್ತಿಕೊಂಡಳು. ಮೊದಲ ಮಾತು ಹೇಳಿದಳು, ಎರಡನೆಯದನ್ನೂ ಹೇಳಿದಳು. ಅಲ್ಲಿಗೆ ನಿಂತಳು.

ನಾನು ಗುಡಿಸುತ್ತಾ ಅವಳ ಪಕ್ಕಕ್ಕೆ ಬಂದಿದ್ದೆ. ಬಾಯಲ್ಲಿ "ಆ ದಿನ" ಎಂಬ ಎರಡು ಶಬ್ದ ಸಿದ್ಧವಾಗಿದ್ದವು. ನಾನು ಹೇಳಲಿಲ್ಲ. ಬೀಳಲಿ, ಎಲ್ಲರ ಎದುರು ಬೀಳಲಿ, ಇಷ್ಟು ವರ್ಷ ಇವಳು ಯಾರ ಬಾಯಿಂದ ಮಾತಾಡಿದಳೆಂದು ಒಮ್ಮೆ ಗೊತ್ತಾಗಲಿ ಎಂದುಕೊಂಡೆ.

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ಅಕ್ಕಾ," ಎಂದಳು. ಮೈಕಿನಲ್ಲಿ ಅದು ಇಡೀ ಸಭಾಂಗಣಕ್ಕೆ ಕೇಳಿಸಿತು. ಇನ್ನೊಮ್ಮೆ, "ಅಕ್ಕಾ..." ಎಂದಳು, ದೊಡ್ಡ ಅಂಗಡಿಯಲ್ಲಿ ಅಮ್ಮನ ಕೈ ತಪ್ಪಿದ ಮಗು ಕರೆದಂತೆ. ಅವಳ ಕಣ್ಣಿಂದ ದಳದಳ ನೀರು ಸುರಿಯಿತು. ಗಾಬರಿಯಲ್ಲಿ ನನ್ನ ಪಾದದ ಹತ್ತಿರ ಕುಳಿತು, ಅಂಗಿಗೆ ಮುಖ ಒತ್ತಿ ಬಿಕ್ಕಿದಳು.

ಒಬ್ಬರೂ ಕೆಮ್ಮಲಿಲ್ಲ. ಮಕ್ಕಳು ಕೂಡ ತೆಪ್ಪಗಿದ್ದರು. ಇಷ್ಟು ವರ್ಷಗಳಲ್ಲಿ ಆ ಸಭಾಂಗಣ ಹಾಗೆ ಸ್ತಬ್ಧವಾದದ್ದನ್ನು ನಾನು ಕಂಡಿರಲಿಲ್ಲ. ಎದುರಿನ ಸಾಲಿನಲ್ಲಿ ಯಾರೋ ಹೆಂಗಸು ಗಟ್ಟಿಯಾಗಿ ಅತ್ತುಬಿಟ್ಟಳು. ಕೊನ್ರಾಡರು ಪರದೆ ಎಳೆಸಿದರು. ಆಮೇಲೆ ಚಪ್ಪಾಳೆ, ಶಿಳ್ಳೆ. ಜನ ಎದ್ದು ನಿಂತಿದ್ದರು.

ನಾನು ಬೇಡಿಕೊಂಡ ಮೌನ ಅದೇ. ಅದರ ಮಧ್ಯದಲ್ಲಿ ಹಿಡಿಸೂಡಿ ಹಿಡಿದು ನಾನೇ ನಿಂತಿದ್ದೆ. ಆದರೆ ಅದು ನನ್ನದಾಗಿರಲಿಲ್ಲ.

ಪರದೆಯ ಹಿಂದೆ ನವ್ಯಶ್ರೀ ಬಂದು ನನ್ನನ್ನು ಅಪ್ಪಿಕೊಂಡಳು. "ಅಕ್ಕಾ, ನಿಮ್ಗೂ ಮರ್ತು ಹೋಯ್ತಲ್ಲಾ! ಪರ್ವಾಗಿಲ್ಲ ಅಕ್ಕಾ, ಪ್ರಾಯ ಆದಾಗ ಹಾಗೇ ಆಗ್ತದೆ." ಕೊನ್ರಾಡರು ಹಿಂದೆಯೇ ಓಡಿಬಂದರು. "ಸೂಪರ್! ಮುಂದೆ ಬಹ್ರೇನಿಗೆ ಹೋಗಿ ಆಡುವಾಗಲೂ ಹೀಗೇ ಇರ್ಲಿ. ಆ ಉದ್ದದ ಡಯಲಾಗ್ ಕಟ್. ಬೇಡವೇ ಬೇಡ."

ಬೇಸಿಗೆಯಿಡೀ ಬಾಯಿಪಾಠ ಮಾಡಿದ ನನ್ನ ಆರು ನಿಮಿಷಗಳು ಹೀಗೆ ಪುಸ್ತಕದಿಂದಲೇ ಹೋದವು.

ಶ್ರೇಷ್ಠ ನಟಿ ಪ್ರಶಸ್ತಿ ಒಂಬತ್ತನೆಯ ಸಲವೂ ಅವಳಿಗೇ. ಆಮೇಲೆ ನನಗೆ ಬೀಳ್ಕೊಡುಗೆ. ಶಾಲು, ಹಾರ, ಒಂದು ಗಾಜಿನ ಹಡಗು. "ಸುಗಂಧಿಯಕ್ಕ ಎರಡು ಮಾತಾಡ್ಬೇಕು," ಎಂದು ಕೊನ್ರಾಡರು ನನ್ನ ಕೈಗೆ ಮೈಕ್ ಕೊಟ್ಟರು. ಆ ವೇದಿಕೆಯಲ್ಲಿ ಮೈಕ್ ನನ್ನ ಕೈಗೆ ಬಂದದ್ದು ಅದೇ ಮೊದಲು. ಕೆಲಸದವಳ ಸೀರೆಯನ್ನು ನಾನಿನ್ನೂ ಬದಲಿಸಿರಲಿಲ್ಲ.

"ನಾನು ಮರೆತದ್ದಲ್ಲ," ಎಂದೆ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇವಳಿಗೆ ಇಷ್ಟು ವರ್ಷ ಮಾತು ಹೇಳಿಕೊಟ್ಟದ್ದು ನಾನು. ಅದಕ್ಕೇ ನನ್ನ ಕೈಗೆ ಹಿಡಿಸೂಡಿ ಕೊಟ್ಟದ್ದು. ಇವತ್ತು ಬೇಕೂಂತಲೇ ಹೇಳ್ಲಿಲ್ಲ. ಇವಳ ಮಾನ ಹೋಗ್ಲಿ ಅಂತ."

ಸಭಾಂಗಣ ಮಾಡು ಹಾರಿಹೋಗುವಂತೆ ನಕ್ಕಿತು. ಕುರ್ಚಿಯ ಕೈ ತಟ್ಟಿಕೊಂಡು ನಕ್ಕರು. ಕೊನ್ರಾಡರು ಹೊಟ್ಟೆ ಹಿಡಿದುಕೊಂಡರು. ನವ್ಯಶ್ರೀ ಓಡಿಬಂದು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ಸಂಜೆ ಕಾರಿನಲ್ಲಿ ಮಂಗಫಿಗೆ ಹಿಂದಿರುಗುವಾಗ ಗಾಜಿನ ಹಡಗು ನನ್ನ ತೊಡೆಯ ಮೇಲಿತ್ತು. ಯಶೋಧರರು ಸ್ಟಿಯರಿಂಗ್ ಹಿಡಿದು ತಮ್ಮಷ್ಟಕ್ಕೇ ನಗುತ್ತಿದ್ದರು. ಬೇಸಿಗೆಯಿಡೀ ನನ್ನ ಮಾತು ಕೇಳಿದವರು, ಅಡಿ ಹಿಡಿದ ಅನ್ನ ತಿಂದವರು.

"ಕಡೆಗೆ ಹೇಳಿದಿಯಲ್ಲಾ, ಬೇಕೂಂತಲೇ ಹೇಳ್ಲಿಲ್ಲ ಅಂತ," ಎಂದರು. "ಭಾರೀ ಲಾಯ್ಕಾಯ್ತು ಮಾರಾಯ್ತಿ! ಇಷ್ಟು ವರ್ಷದಲ್ಲಿ ಅದೇ ಬೆಸ್ಟ್ ಜೋಕು."

"ಅದು ಜೋಕಲ್ಲ," ಎಂದೆ.

ಅವರ ನಗು ಇನ್ನೂ ಜೋರಾಯಿತು. ಕಣ್ಣೊರೆಸಿಕೊಳ್ಳಲು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಬೇಕಾಯಿತು.